ಪುಟ್ಟ ರೇಡಿಯೇಟರ್ ಬಿಸಿ ಇಳಿಸುತ್ತಿಲ್ಲವೇ? ಕೋರ್ ಬದಲಿಸುವ ಮುಂಚೆ ನಾಲ್ಕು ಕಡೆ ಅಳೆಯಿರಿ

ಬಿಸಿ ಏರಿದ ಕೂಡಲೇ ಎಲ್ಲರ ಕಣ್ಣು ಬೀಳುವುದು ರೇಡಿಯೇಟರ್ ಮೇಲೆ. ಎಲೆಕ್ಟ್ರಿಕ್ ಗಾಡಿಯ ಮೋಟಾರ್ ಕಂಟ್ರೋಲರ್ ಇರಲಿ, ಕಾರಿನ ಎಂಜಿನ್ ಇರಲಿ, ನೀರಿನಿಂದ ತಣಿಸುವ ಕಂಪ್ಯೂಟರ್ ಇರಲಿ, ಮೊದಲ ಮಾತು ಒಂದೇ: "ಕೋರ್ ಚಿಕ್ಕದಾಯ್ತು, ಇನ್ನೂ ದಪ್ಪದ್ದು ಹಾಕಿ." ಕೋರ್ ಅಂದರೆ ರೇಡಿಯೇಟರ್‌ನ ನಡುವಿನ, ಟ್ಯೂಬುಗಳಿದ್ದು ಗಾಳಿ ಹಾಯುವ ಭಾಗ. ದಪ್ಪ ಕೋರ್ ಬರುತ್ತದೆ. ತೂಕ ಏರುತ್ತದೆ, ಖರ್ಚು ಏರುತ್ತದೆ, ಬಿಸಿ ಮಾತ್ರ ಹಾಗೇ ಕೂತಿರುತ್ತದೆ. ಯಾಕಂದ್ರೆ ದೋಷ ಇದ್ದದ್ದು ಕೋರ್‌ನಲ್ಲಿ ಅಲ್ಲವೇ ಅಲ್ಲ, ಅದರ ಸುತ್ತ ಗಾಳಿ ಹೋಗುವ ದಾರಿಯಲ್ಲೋ, ಪಂಪಿನಲ್ಲೋ, ಚಿಪ್ ತಳಕ್ಕೆ ಶಾಖ ದಾಟಲಿ ಅಂತ ಬಳಿಯುವ ಥರ್ಮಲ್ ಪೇಸ್ಟಿನಲ್ಲೋ ಇತ್ತು.

ಇಲ್ಲಿ ಬರೆಯುತ್ತಿರುವುದು ಹಗುರವಾದ, ಚಿಕ್ಕ ಅಲ್ಯೂಮಿನಿಯಂ ಹೀಟ್ ಎಕ್ಸ್‌ಚೇಂಜರ್‌ಗಳ, ಅಂದರೆ ದ್ರವದ ಬಿಸಿಯನ್ನು ಗಾಳಿಗೆ ದಾಟಿಸುವ ರೇಡಿಯೇಟರ್‌ಗಳ ಬಗ್ಗೆ. ಒಳಗೆ 1 ಮಿಲಿಮೀಟರ್ ಆಸುಪಾಸಿನ ಸಣ್ಣ ಕಾಲುವೆಗಳಿರುವ ಚಪ್ಪಟೆ ಟ್ಯೂಬು, ಅವುಗಳ ನಡುವೆ 0.1 ಮಿಲಿಮೀಟರ್‌ಗಿಂತ ತೆಳುವಾದ ಮಡಿಕೆ ಹಾಳೆ, ಅಂದರೆ ಫಿನ್, ಫಿನ್ ಮೇಲೆ ಕಿಟಕಿ ಪಟ್ಟಿಯ ಥರ ಸೀಳಿದ ಲೂವರ್‌ಗಳು. ಒಂದು ಲೀಟರ್ ಹಿಡಿಯುವಷ್ಟು ಜಾಗದಲ್ಲಿ ಸುಮಾರು ಒಂದು ಚದರ ಮೀಟರ್ ಮೇಲ್ಮೈ ತುಂಬಿಸಿರುತ್ತಾರೆ. ಹಳೆಯ ತಾಮ್ರ-ಹಿತ್ತಾಳೆಯ ದೊಡ್ಡ ರೇಡಿಯೇಟರ್‌ಗಳಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಸಾಮರ್ಥ್ಯ ಇರುತ್ತಿತ್ತು, ಹಾಗಾಗಿ ಸಣ್ಣಪುಟ್ಟ ತಪ್ಪುಗಳು ಮುಚ್ಚಿಹೋಗುತ್ತಿದ್ದವು. ಈಗಿನವನ್ನು ಲೆಕ್ಕ ಹಾಕಿ ಕತ್ತರಿಸಿ ಮಾಡಿರುತ್ತಾರೆ. ಬದಿಯಲ್ಲಿ ಒಂದು ಬೆರಳು ಸಂದಿ ಬಿಟ್ಟರೂ ಬಿಸಿ ತೋರಿಸಿಬಿಡುತ್ತದೆ.

ಮುಂದೆ ಹೋಗುವ ಮೊದಲು ಒಂದು ಮಾತು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. 0.9 ಬಾರ್ ಮುಚ್ಚಳದ ಕೆಳಗೆ ಬರೀ ನೀರೇ ಆದರೂ ಹೆಚ್ಚುಕಡಿಮೆ 118 ಡಿಗ್ರಿ ತನಕ ಕುದಿಯದೆ ಇರುತ್ತದೆ, ಮುಚ್ಚಳ ತಿರುಗಿಸಿದ ಕ್ಷಣ ಅಷ್ಟೂ ಕುದ್ದು ಮುಖಕ್ಕೆ ಹಾರುತ್ತದೆ. ಇನ್ನು ಎಥಿಲೀನ್ ಗ್ಲೈಕಾಲ್ ಇರುವ ಕೂಲಂಟ್ (ಒಳಗೆ ಸುತ್ತುತ್ತಾ ತಣಿಸುವ ದ್ರವ) ಸಿಹಿಯಾಗಿರುತ್ತದೆ ಮತ್ತು ವಿಷ. ನೆಲಕ್ಕೆ ಚೆಲ್ಲಿದ್ದನ್ನು ನಾಯಿ ನೆಕ್ಕುತ್ತದೆ, ಮಕ್ಕಳು ಮುಟ್ಟುತ್ತಾರೆ. ಕೂಡಲೇ ತೊಳೆಯಿರಿ.

ಮೊದಲ ಪ್ರಶ್ನೆ: ಯಾವಾಗ ಬಿಸಿಯಾಗುತ್ತದೆ?

ಯಾವ ಉಪಕರಣವೂ ಬೇಡ, ಈ ಒಂದು ಪ್ರಶ್ನೆಯೇ ಅರ್ಧ ದಾರಿ ಮುಗಿಸುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಂತಾಗ ಬಿಸಿ ಏರಿ, ಗಾಡಿ ಓಡಿದ ಕೂಡಲೇ ಇಳಿಯುತ್ತದೆ ಅಂದರೆ ಫ್ಯಾನ್ ಕಡೆ ನೋಡಿ. ಉಲ್ಟಾ, ನಿಂತಾಗ ಸರಿಯಿದ್ದು ಹೈವೇಯಲ್ಲಿ ಹತ್ತಿಪ್ಪತ್ತು ನಿಮಿಷ ಒಂದೇ ಸಮ ಓಡಿಸಿದ ಮೇಲೆ ಏರುತ್ತದೆ ಅಂದರೆ ಗಾಳಿಗೆ ಕೊರತೆ ಇರುವ ಸಾಧ್ಯತೆ ಕಡಿಮೆ. ಕೂಲಂಟ್ ಸಾಕಷ್ಟು ಹರಿಯುತ್ತಿಲ್ಲ, ಇಲ್ಲವೇ ಕೋರ್ ಅರ್ಧ ಕಟ್ಟಿಕೊಂಡಿದೆ. ಶಿರಾಡಿ, ಚಾರ್ಮಾಡಿ ಥರದ ಘಾಟಿ ಹತ್ತುವಾಗ ಮಾತ್ರ ಏರಿದರೆ ಎರಡೂ ಇರಬಹುದು, ಅಲ್ಲಿ ಲೋಡ್ ಜಾಸ್ತಿ, ವೇಗ ಕಮ್ಮಿ, ಗಾಳಿಗೆ ಫ್ಯಾನ್ ಒಂದೇ ಗತಿ.

ಕೂಲಂಟ್ ಹೆಚ್ಚೇನೂ ಬಿಸಿಯಾಗಿಲ್ಲ, ಆದರೂ ಕಂಟ್ರೋಲರ್ ಆಕ್ಸಿಲರೇಟರ್ ಒತ್ತಿದ ಕೆಲವೇ ಸೆಕೆಂಡಿನಲ್ಲಿ ಪವರ್ ಕಡಿತ ಮಾಡುತ್ತದೆ ಅಂತಾದರೆ ರೇಡಿಯೇಟರ್‌ಗೂ ಅದಕ್ಕೂ ಸಂಬಂಧ ಇಲ್ಲ. ಚಿಪ್‌ನಿಂದ ಕೂಲಂಟ್‌ವರೆಗಿನ ದಾರಿಯಲ್ಲಿ ತೊಂದರೆ ಇದೆ. ಅದನ್ನು ಕೊನೆಗೆ ಬರೆದಿದ್ದೇನೆ, ನಿಮ್ಮದು ಇದೇ ಆಗಿದ್ದರೆ ನೇರ ಅಲ್ಲಿಗೇ ಹೋಗಿ.

ಎಂಜಿನ್ ಗಾಡಿಗಳಲ್ಲಿ ಇನ್ನೊಂದು ಉಂಟು. ಎಂಜಿನ್ ತಲೆಯ ಕೆಳಗಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿ ಸಿಲಿಂಡರ್ ಹೊಗೆ ಕೂಲಂಟ್‌ಗೆ ನುಗ್ಗುತ್ತಿದ್ದರೆ ಜಗತ್ತಿನ ಯಾವ ರೇಡಿಯೇಟರ್ ಹಾಕಿದರೂ ಬಿಸಿ ನಿಲ್ಲದು. ಟ್ಯಾಂಕಿನಲ್ಲಿ ಬಿಡದೆ ಗುಳ್ಳೆ ಬರುತ್ತಿದ್ದರೆ ಗ್ಯಾರೇಜಿನಲ್ಲಿ ನೀಲಿ ದ್ರವದ ಪರೀಕ್ಷೆ ಮಾಡಿಸಿ. ಹೊಗೆ ಸೇರಿದ್ದರೆ ನೀಲಿ ಹಳದಿಗೆ ತಿರುಗುತ್ತದೆ.

ಅಳತೆ, ಮತ್ತು ಅಳತೆಯನ್ನು ಹಾಳು ಮಾಡುವ ವಿಷಯಗಳು

ಬೇಕಾದ್ದು ನಾಲ್ಕು ಉಷ್ಣತೆ: ಕೂಲಂಟ್ ಒಳಗೆ ಬರುವುದು, ಹೊರಗೆ ಹೋಗುವುದು, ಗಾಳಿ ಕೋರ್‌ಗೆ ಬರುವುದು, ಕೋರ್ ದಾಟಿ ಹೋಗುವುದು. ಜೊತೆಗೆ ಎರಡು ಹರಿವು, ಕೂಲಂಟ್‌ದು ಮತ್ತು ಗಾಳಿಯದು. ಇಷ್ಟಿದ್ದರೆ ದೋಷ ಎಲ್ಲಿದೆ ಅಂತ ತಾನೇ ಹೇಳಿಬಿಡುತ್ತದೆ.

ಆದರೆ ಸೆನ್ಸರ್ ತಗೊಂಡು ಸುಮ್ನೆ ಅಂಟಿಸಬೇಡಿ. ಸಾಮಾನ್ಯ ಕೆ-ಟೈಪ್ ಥರ್ಮೋಕಪಲ್ (ಉಷ್ಣತೆ ಅಳೆಯುವ ವೈರ್ ಸೆನ್ಸರ್) ಎರಡು ಡಿಗ್ರಿ ಆಚೀಚೆ ತೋರಿಸುವುದು ಅದರ ಸಹಜ ಗುಣ, ಅಷ್ಟು ತಪ್ಪಿಗೆ ಅದರ ಮಾನದಂಡದಲ್ಲೇ ಅವಕಾಶ ಇದೆ. ನಿಮಗೆ ಬೇಕಾದ ವ್ಯತ್ಯಾಸವೇ ಐದು ಡಿಗ್ರಿ ಇರುವಾಗ ಒಂದು ಸೆನ್ಸರ್ ಎರಡು ಮೇಲೆ, ಇನ್ನೊಂದು ಎರಡು ಕೆಳಗೆ ಓದಿದರೆ ಲೆಕ್ಕ ಪೂರ್ತಿ ಕೆಡುತ್ತದೆ. ಎಲ್ಲ ಸೆನ್ಸರ್‌ಗಳನ್ನೂ ಒಂದೇ ಲೋಟ ಬಿಸಿನೀರಿನಲ್ಲಿ ಮುಳುಗಿಸಿ, ಯಾವುದು ಎಷ್ಟು ಹೆಚ್ಚು ಕಡಿಮೆ ಓದುತ್ತದೆ ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಕಳೆದುಕೊಂಡರಾಯ್ತು. ಇಷ್ಟು ಸಣ್ಣ ಕೆಲಸವನ್ನು ಬಿಟ್ಟು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವವರು ಬಹಳ ಜನ.

ಗನ್ ಥರದ ಇನ್‌ಫ್ರಾರೆಡ್ ಥರ್ಮಾಮೀಟರ್ ಇದೆಯಾ? ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಸುಳ್ಳು ಹೇಳುತ್ತದೆ. ಹೊಳಪಿನ ಲೋಹ ತನ್ನ ಶಾಖವನ್ನು ಹೊರಸೂಸುವುದು ತೀರಾ ಕಡಿಮೆ, ಸುತ್ತಲಿನ ಗೋಡೆಯ ಶಾಖವನ್ನೇ ಪ್ರತಿಫಲಿಸುತ್ತದೆ. 70 ಡಿಗ್ರಿ ಇರುವ ಟ್ಯೂಬನ್ನು ಅದು 40 ಅಂದರೂ ಆಶ್ಚರ್ಯ ಇಲ್ಲ. ಅಳೆಯುವ ಜಾಗಕ್ಕೆ ಕಪ್ಪು ಇನ್ಸುಲೇಷನ್ ಟೇಪ್ ಅಥವಾ ಮಾಸ್ಕಿಂಗ್ ಟೇಪ್ ಅಂಟಿಸಿ, ಒಂದು ನಿಮಿಷ ಬಿಟ್ಟು, ಟೇಪ್ ಮೇಲೆ ಗುರಿ ಇಡಿ. ಥರ್ಮಲ್ ಕ್ಯಾಮೆರಾಕ್ಕೂ ಇದೇ ಮಾತು.

ಪಂಪಿನ ಹರಿವನ್ನು ಡಬ್ಬದ ಮೇಲೆ ಓದಬೇಡಿ. ಅಲ್ಲಿ ಬರೆದಿರುವುದು ಏನೂ ಅಡ್ಡ ಇಲ್ಲದಾಗಿನ ಹರಿವು. ಫ್ಯಾನಿನದೂ ಅದೇ ಕತೆ. ಹರಿವಿನ ಮೀಟರ್ ಇಲ್ಲದಿದ್ದರೆ ರಿಟರ್ನ್ ಪೈಪ್ ಬಿಚ್ಚಿ ಒಂದು ಲೀಟರ್ ತುಂಬಲು ಎಷ್ಟು ಸೆಕೆಂಡ್ ಅಂತ ನೋಡಿ, ಆದರೆ ಪೈಪಿನ ಬಾಯಿಯನ್ನು ಟ್ಯಾಂಕಿನ ನೀರಿನ ಮಟ್ಟದಲ್ಲೇ ಹಿಡಿಯಬೇಕು. ಕೆಳಗೆ ಬಿಟ್ಟರೆ ಇಳಿಜಾರೇ ಪಂಪಿಗೆ ಸಹಾಯ ಮಾಡಿ ಇಲ್ಲದ ಹರಿವು ತೋರಿಸುತ್ತದೆ. ಗಾಳಿಗೆ ಸಣ್ಣ ರೆಕ್ಕೆಯ ಅನಿಮೋಮೀಟರ್ ಸಾಕು. ಕೋರ್ ಮುಖವನ್ನು ಮೂರು ಸಾಲು ಮೂರು ಕಂಬ ಅಂತ ಒಂಬತ್ತು ಭಾಗ ಮಾಡಿ ಒಂದೊಂದರಲ್ಲೂ ಅಳೆದು ಸರಾಸರಿ ತೆಗೆಯಿರಿ. ಮಧ್ಯದಲ್ಲಿ ಒಂದೇ ಕಡೆ ಅಳೆದರೆ ಪ್ರಯೋಜನ ಇಲ್ಲ.

ಈಗ ಒಂದು ಲೆಕ್ಕ. 20 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಎತ್ತರದ ಕೋರ್, 2 ಕಿಲೋವ್ಯಾಟ್ ಶಾಖ, ಅರ್ಧ ನೀರು ಅರ್ಧ ಗ್ಲೈಕಾಲ್ ಕೂಲಂಟ್ ನಿಮಿಷಕ್ಕೆ 6 ಲೀಟರ್ ಅಂದುಕೊಳ್ಳಿ. ಈ ಮಿಶ್ರಣದ ಒಂದು ಕಿಲೋ ಒಂದು ಡಿಗ್ರಿ ಏರಲು ಸುಮಾರು 3.5 ಕಿಲೋಜೂಲ್ ಬೇಕು, ಬರೀ ನೀರಿಗಾದರೆ 4.18. ಸೆಕೆಂಡಿಗೆ 0.105 ಕಿಲೋ ಹರಿಯುತ್ತದೆ, ಅಂದರೆ ಕೂಲಂಟ್ ಒಳಗೆ ಹೊರಗೆ ಸುಮಾರು 5.4 ಡಿಗ್ರಿ ವ್ಯತ್ಯಾಸ ಬರಬೇಕು. ಗಾಳಿ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ನುಗ್ಗಿದರೆ, ಬೆಂಗಳೂರಿನ 35 ಡಿಗ್ರಿ ಮಧ್ಯಾಹ್ನದಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 0.165 ಕಿಲೋ ಗಾಳಿ. ಅದು ಸುಮಾರು 12 ಡಿಗ್ರಿ ಬಿಸಿಯಾಗಿ ಹೊರಬರಬೇಕು.

ಎರಡೂ ಕಡೆಯಿಂದ ಲೆಕ್ಕ ಹಾಕಿದ ಶಾಖ ಒಂದಕ್ಕೊಂದು ಹೊಂದಬೇಕು. ಶೇಕಡಾ 10ರೊಳಗೆ ಬಂದರೆ ಅಳತೆಯನ್ನು ನಂಬಿ. ಕೂಲಂಟ್ ಕಡೆ 2 ಕಿಲೋವ್ಯಾಟ್, ಗಾಳಿ ಕಡೆ 1.2 ಅಂತ ಬಂದರೆ ಇನ್ನೂ ರೋಗ ಹುಡುಕಲು ಹೋಗಬೇಡಿ, ಅಳತೆಯೇ ತಪ್ಪಿದೆ.

ಅಳತೆ ಹೊಂದಿದ ಮೇಲೆ ಓದುವುದು ಹೀಗೆ. ಕೂಲಂಟ್ ವ್ಯತ್ಯಾಸ 5ರ ಬದಲು 15 ಡಿಗ್ರಿ ಇದೆ ಅಂದರೆ ಕೂಲಂಟ್ ಹರಿವು ಮೂರನೇ ಒಂದು ಭಾಗಕ್ಕೆ ಇಳಿದಿದೆ, ಪಂಪು, ಏರ್ ಲಾಕ್ (ಒಳಗೆ ಸಿಕ್ಕಿಬಿದ್ದ ಗಾಳಿ), ಕಟ್ಟಿದ ಕಾಲುವೆ ನೋಡಿ. ಕೂಲಂಟ್ ವ್ಯತ್ಯಾಸ ಸರಿಯಿದೆ, ಗಾಳಿ ಮಾತ್ರ 12ರ ಬದಲು 25 ಡಿಗ್ರಿ ಬಿಸಿಯಾಗಿ ಬರುತ್ತಿದೆ ಅಂದರೆ ಗಾಳಿ ಸಾಲುತ್ತಿಲ್ಲ. ಎರಡು ಹರಿವೂ ಸರಿ, ಎರಡು ವ್ಯತ್ಯಾಸವೂ ಸರಿ, ಆದರೂ ಕೂಲಂಟ್ ಇರಬೇಕಾದ್ದಕ್ಕಿಂತ ಇಪ್ಪತ್ತು ಡಿಗ್ರಿ ಮೇಲಿದೆಯಾ? ಆಗ, ಆಗ ಮಾತ್ರ, ಕೋರ್ ಮೇಲೆ ಅನುಮಾನ ಪಡಿ.

ಈ ಕೊನೆಯದಕ್ಕೆ ಒಂದು ಒಳ್ಳೆಯ ಅಂಕಿ ಇದೆ. ಕೋರ್ ಬಿಟ್ಟುಕೊಡುವ ವ್ಯಾಟ್‌ಗಳನ್ನು, ಒಳಬರುವ ಕೂಲಂಟ್ ಮತ್ತು ಒಳಬರುವ ಗಾಳಿಯ ಉಷ್ಣತೆ ವ್ಯತ್ಯಾಸದಿಂದ ಭಾಗಿಸಿ. ಕೂಲಂಟ್ 60, ಗಾಳಿ 35, ಶಾಖ 2000 ವ್ಯಾಟ್ ಅಂದರೆ ಡಿಗ್ರಿಗೆ 80 ವ್ಯಾಟ್. ಹರಿವುಗಳು ಬದಲಾಗದೆ ಇದ್ದರೆ ಈ ಅಂಕಿ ಬೇಸಿಗೆಯಲ್ಲೂ ಚಳಿಗಾಲದಲ್ಲೂ ಹೆಚ್ಚುಕಡಿಮೆ ಒಂದೇ. ಕೋರ್ ಹೊಸದಿದ್ದಾಗ ಅಳೆದು ಬರೆದಿಡಿ. ಆರು ತಿಂಗಳ ಮೇಲೆ 80 ಇದ್ದದ್ದು 60 ಆಗಿದ್ದರೆ ಒಳಗೆ ಏನೋ ಕೆಟ್ಟಿದೆ ಅಂತ ಗಾಡಿ ನಿಲ್ಲುವ ಮುಂಚೆಯೇ ಗೊತ್ತಾಗುತ್ತದೆ.

ಪ್ರಯೋಗಾಲಯ ಇಲ್ಲದವರಿಗೆ ಶಾಖದ ಮೂಲ ಬೇಕಲ್ವಾ? ಸ್ನಾನದ ನೀರು ಕಾಯಿಸುವ 1.5 ಕಿಲೋವ್ಯಾಟ್ ರಾಡ್ ಸಾಕು, ಮುಚ್ಚಳದ ಸ್ಟೀಲ್ ಪಾತ್ರೆಯಲ್ಲಿ ಇಳಿಬಿಟ್ಟು ಆ ನೀರನ್ನೇ ಕೋರ್‌ಗೆ ತಿರುಗಿಸಿ. ಅರ್ತಿಂಗ್ ಇರಬೇಕು, ಕರೆಂಟ್ ಸೋರಿದರೆ ಕಟ್ ಮಾಡುವ ಆರ್‌ಸಿಸಿಬಿ ಇರಬೇಕು, ಸ್ವಿಚ್ ಆನ್ ಇರುವಾಗ ನೀರನ್ನೂ ಪಾತ್ರೆಯನ್ನೂ ಮುಟ್ಟಲೇಬಾರದು. ವೋಲ್ಟೇಜ್ ಕೂಡ ಅಳೆಯಿರಿ. 230ಕ್ಕೆ 1500 ವ್ಯಾಟ್ ಕೊಡುವ ರಾಡ್, ಮನೆಯಲ್ಲಿ 210 ವೋಲ್ಟ್ ಇದ್ದರೆ ಕೊಡುವುದು 1250 ಮಾತ್ರ. ಕಳೆದುಹೋದ ಆ 250 ವ್ಯಾಟನ್ನು ರೇಡಿಯೇಟರ್‌ನಲ್ಲಿ ಹುಡುಕುತ್ತಾ ಕೂರಬೇಡಿ.

ಗಾಳಿಯ ಕಡೆ: ಬಹುಪಾಲು ದೋಷ ಇಲ್ಲೇ

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ಕೂಲಂಟ್‌ನಿಂದ ಲೋಹಕ್ಕೆ ಶಾಖ ಸುಲಭವಾಗಿ ಹತ್ತುತ್ತದೆ, ಲೋಹದೊಳಗೆ ಇನ್ನೂ ಸುಲಭ. ಲೋಹದಿಂದ ಗಾಳಿಗೆ ಹೋಗುವುದೇ ಕಷ್ಟ. ಒಟ್ಟು ಅಡ್ಡಿಯಲ್ಲಿ ಮುಕ್ಕಾಲು ಪಾಲು, ಎಷ್ಟೋ ಸಲ ಅದಕ್ಕೂ ಜಾಸ್ತಿ, ಗಾಳಿಯ ಕಡೆಯೇ ಇರುತ್ತದೆ. ಹಾಗಾಗಿ ಅಲ್ಯೂಮಿನಿಯಂ ಬದಲು ತಾಮ್ರದ ಕೋರ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಅನ್ನುವ ನಂಬಿಕೆ ನಿಲ್ಲುವುದಿಲ್ಲ. ತಾಮ್ರ ಶಾಖವನ್ನು ಎರಡು ಪಟ್ಟು ಚೆನ್ನಾಗಿ ಸಾಗಿಸುವುದು ನಿಜ, ಆದರೆ ತೂಕ ಮೂರು ಪಟ್ಟಿಗಿಂತ ಜಾಸ್ತಿ. ಇಕ್ಕಟ್ಟು ಇರುವುದು ಲೋಹದಲ್ಲಿ ಅಲ್ಲದಿದ್ದಾಗ ಆ ತೂಕ ಹೊತ್ತು ಏನು ಮಾಡುವುದು?

ಗಾಳಿ ಇಳಿಜಾರಿನ ನೀರಿನ ಹಾಗೆ, ಸುಲಭದ ದಾರಿ ಇದ್ದರೆ ಅಲ್ಲೇ ಹೋಗುತ್ತದೆ. ಕೋರ್ ಸುತ್ತ ಸಂದಿ ಇದ್ದರೆ ಫಿನ್‌ಗಳ ಇಕ್ಕಟ್ಟಿನಲ್ಲಿ ನುಗ್ಗುವ ಬದಲು ಸಂದಿಯಲ್ಲಿ ನುಸುಳುತ್ತದೆ. ಕೋರ್ ಹೊಸದಾಗಿ, ದಟ್ಟವಾಗಿ ಮಾಡಿದಷ್ಟೂ ಈ ನುಸುಳುವಿಕೆ ಜಾಸ್ತಿ, ಯಾಕಂದ್ರೆ ಕೋರ್‌ನ ಅಡ್ಡಿ ಜಾಸ್ತಿ. ಸುತ್ತಲೂ ಸ್ಪಂಜಿನ ಪಟ್ಟಿ ಅಂಟಿಸಿ ಮುಚ್ಚಿ. ತೂಕ ಕೆಲವು ಗ್ರಾಂ. ಕೋರ್ ದಪ್ಪ ಮಾಡಿ ಸಿಗದ ಲಾಭ ಎಷ್ಟೋ ಸಲ ಈ ಸ್ಪಂಜಿನಲ್ಲಿ ಸಿಗುತ್ತದೆ.

ಫ್ಯಾನನ್ನು ಕೋರ್‌ಗೆ ಒತ್ತಿ ಕೂರಿಸಿದ್ದೀರಾ? 20 ಸೆಂಟಿಮೀಟರ್ ಚೌಕಕ್ಕೆ 20 ಸೆಂಟಿಮೀಟರ್ ಗುಂಡು ಫ್ಯಾನ್ ಕೂರಿಸಿದರೆ ಅದು ಮುಚ್ಚುವುದು ಶೇಕಡಾ 78ರಷ್ಟನ್ನೇ, ನಾಲ್ಕು ಮೂಲೆಯೂ ಸತ್ತ ಹಾಗೆ. ನಡುವೆ ಮೋಟಾರ್ ಇರುವ ಜಾಗದಲ್ಲೂ ಗಾಳಿ ಇಲ್ಲ. ಕೋರ್‌ಗೂ ಫ್ಯಾನ್‌ಗೂ ನಡುವೆ ಒಂದಷ್ಟು ಅಂತರ ಬಿಟ್ಟು, ಗಾಳಿ ಸೋರದ ಶ್ರೌಡ್ (ಸುತ್ತುಗೋಡೆ) ಕಟ್ಟಿದರೆ ಮೂಲೆಗಳೂ ಕೆಲಸಕ್ಕೆ ಬರುತ್ತವೆ.

ಫ್ಯಾನ್ ಯಾವ ಕಡೆ ಊದುತ್ತಿದೆ ಅಂತಲೂ ನೋಡಿ. ನಗು ಬರಬಹುದು, ಆದರೆ ಬ್ರಷ್ ಇರುವ ಡಿಸಿ ಫ್ಯಾನಿಗೆ ವೈರ್ ತಿರುಗಿಸಿ ಕೊಟ್ಟರೆ ಅದು ಉಲ್ಟಾ ಸುತ್ತುತ್ತದೆ, ಸದ್ದು ಅಷ್ಟೇ ಬರುತ್ತದೆ, ಗಾಳಿ ಕಡಿಮೆ ಬರುತ್ತದೆ, ಅದೂ ಗಾಡಿ ಓಡುವಾಗ ಬರುವ ಗಾಳಿಗೆ ಎದುರಾಗಿ. ಒಂದು ಹಾಳೆ ಹಿಡಿದು ನೋಡಿ. ಕೋರ್ ಮುಂದೆ ಹಿಡಿದ ಹಾಳೆ ಅಂಟಿಕೊಳ್ಳಬೇಕು. ಜೊತೆಗೆ ಫ್ಯಾನಿನ ಕನೆಕ್ಟರ್‌ನಲ್ಲೇ, ಫ್ಯಾನ್ ಓಡುತ್ತಿರುವಾಗ ವೋಲ್ಟೇಜ್ ಅಳೆಯಿರಿ. ತೆಳು ವೈರ್, ತುಕ್ಕು ಹಿಡಿದ ಅರ್ತ್ ಪಾಯಿಂಟ್ ಇದ್ದರೆ ಬ್ಯಾಟರಿಯಲ್ಲಿ 13 ಇದ್ದದ್ದು ಅಲ್ಲಿಗೆ ಬರುವಾಗ 10 ಆಗಿರುತ್ತದೆ.

ಬಿಸಿಗಾಳಿ ಮತ್ತೆ ಸುತ್ತಿ ಮುಂದೆ ಬರುವುದು ಇನ್ನೊಂದು ದೊಡ್ಡ ದೋಷ, ಕಣ್ಣಿಗೆ ಕಾಣದ್ದು. ನೆರಳಿನಲ್ಲಿ 35 ಡಿಗ್ರಿ ಇದ್ದು ಕೋರ್ ಮುಖದ ಎದುರಿಗೇ 45 ಇದ್ದರೆ, ಹಿಂದೆ ಹೋದ ಬಿಸಿಗಾಳಿ ಬದಿಯಿಂದ ಮತ್ತೆ ಒಳಗೆ ಬರುತ್ತಿದೆ. ಊದಿನಕಡ್ಡಿ ಹಚ್ಚಿ ಕೋರ್ ಅಂಚಿನ ಸುತ್ತ ನಿಧಾನ ತಿರುಗಿಸಿ, ಹೊಗೆ ಎತ್ತ ಎಳೆಯುತ್ತದೆ ನೋಡಿದರೆ ಎಲ್ಲಿ ಮುಚ್ಚಬೇಕು ಅಂತ ತಿಳಿಯುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಇದನ್ನು ಮಾಡಬೇಡಿ.

ಇನ್ನು ಕೊಳೆ. ಕಾರುಗಳಲ್ಲಿ ಎಸಿ ಕಂಡೆನ್ಸರ್ ಮುಂದೆ, ರೇಡಿಯೇಟರ್ ಹಿಂದೆ. ಕಸ ಸೇರುವುದು ಎರಡರ ನಡುವೆ. ಮುಂದಿನಿಂದ ನೋಡಿದರೆ ಫಳಫಳ, ಬಿಚ್ಚಿದರೆ ನಡುವೆ ಹಾಸಿಗೆಯಷ್ಟು ಧೂಳು, ಹುಳ, ಹೊಟ್ಟು. ನಮ್ಮ ಕಡೆ ಸುಗ್ಗಿಯಲ್ಲಿ ರಾಗಿ, ಹುರುಳಿ ತಂದು ರಸ್ತೆ ಮೇಲೆ ಹರಡುತ್ತಾರಲ್ಲ, ಅದರ ಮೇಲೆ ಹಾದ ಗಾಡಿಗಳನ್ನು ಬಿಚ್ಚಿ ನೋಡಬೇಕು! ಗಂಗಾವತಿ, ಸಿಂಧನೂರು ಕಡೆ ಭತ್ತದ ಗದ್ದೆಯಲ್ಲಿ ಓಡುವ ಕಟಾವು ಯಂತ್ರಗಳಿಗಂತೂ ಕೆಲಸ ನಡೆಯುತ್ತಿರುವಾಗಲೇ ಹೊಟ್ಟು ಮೆತ್ತಿಕೊಳ್ಳುತ್ತದೆ. ತೊಳೆಯುವಾಗ ಎಂಜಿನ್ ಕಡೆಯಿಂದ ಹೊರಗೆ, ಗಾಳಿ ಬಂದ ದಿಕ್ಕಿಗೆ ಎದುರಾಗಿ, ಮೆಲ್ಲನೆಯ ನೀರಿನಲ್ಲಿ ತೊಳೆಯಿರಿ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ 0.1 ಮಿಲಿಮೀಟರ್ ಫಿನ್ ಮಡಚಿ ಗೋಡೆ ಆಗುತ್ತದೆ.

ಇಲ್ಲಿ ವಿನ್ಯಾಸ ಮಾಡುವವರಿಗೂ ಒಂದು ಮಾತಿದೆ. ಇಂಚಿಗೆ ಇಪ್ಪತ್ತಕ್ಕಿಂತ ಜಾಸ್ತಿ ಫಿನ್ ಹಾಕಿದರೆ ಪ್ರಯೋಗಾಲಯದ ಶುದ್ಧ ಗಾಳಿಯಲ್ಲಿ ಅಂಕಿ ಚೆನ್ನಾಗಿ ಬರುತ್ತದೆ. ಅದೇ ಕೋರ್ ಧೂಳಿನ ರಸ್ತೆಯಲ್ಲಿ ಒಂದು ಬೇಸಿಗೆ ಕಳೆದ ಮೇಲೆ ಹೇಗಿರುತ್ತದೆ? ಟ್ರಾಕ್ಟರ್, ಕಟಾವು ಯಂತ್ರಗಳಿಗೆ ಲೂವರ್ ಇಲ್ಲದ, ಅಗಲ ಸಂದಿಯ ಫಿನ್ ಹಾಕುವುದು ಇದೇ ಕಾರಣಕ್ಕೆ. ಕೋರ್ ಸ್ವಲ್ಪ ದೊಡ್ಡದಾದರೂ ಪರವಾಗಿಲ್ಲ, ತೊಳೆದರೆ ಕ್ಲೀನ್ ಆಗಬೇಕು. ಹಾಗೆಯೇ ಕೋರ್‌ಗೆ ದಪ್ಪ ಕಪ್ಪು ಪೇಂಟ್ ಹೊಡೆಯಬೇಡಿ, ಲೂವರ್ ಸೀಳುಗಳು ತುಂಬಿಹೋಗುತ್ತವೆ.

ಎತ್ತರವನ್ನೂ ಮರೆಯಬೇಡಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ಮಂಗಳೂರಿಗೆ ಹೋಲಿಸಿದರೆ ಇಲ್ಲಿನ ಗಾಳಿ ಸುಮಾರು ಶೇಕಡಾ 10 ತೆಳು. 3500 ಮೀಟರ್ ಎತ್ತರದ ಲೇಹ್‌ನಲ್ಲಿ ಮೂರನೇ ಒಂದು ಭಾಗ ಕಡಿಮೆ. ಫ್ಯಾನ್ ಅಷ್ಟೇ ಸುತ್ತಿದರೂ ಹೊತ್ತೊಯ್ಯುವ ಗಾಳಿಯ ತೂಕ ಕಡಿಮೆ. ಅಲ್ಲಿಗೆ ಹೋಗುವ ಗಾಡಿಯ ಲೆಕ್ಕವನ್ನು ಇಲ್ಲಿನ ಗಾಳಿಯಲ್ಲಿ ಹಾಕಿದರೆ ಸಾಲದು.

ಕೂಲಂಟ್ ಕಡೆ

ಮೊದಲು ಏರ್ ಲಾಕ್. ಪಂಪಿನಲ್ಲಿ ಗೊಳಗೊಳ ಸದ್ದು, ಟ್ಯಾಂಕಿನಲ್ಲಿ ನೊರೆ, ಒಂದು ಹೋಸ್ ಪೈಪ್ ಸುಡುವಷ್ಟು ಬಿಸಿ, ಇನ್ನೊಂದು ತಣ್ಣಗೆ: ಇವು ಲಕ್ಷಣ. ಒಂದು ಮಿಲಿಮೀಟರ್ ಕಾಲುವೆಯಲ್ಲಿ ಸಿಕ್ಕಿದ ಗುಳ್ಳೆ ತಾನಾಗಿ ಹೋಗುವುದಿಲ್ಲ, ನೀರು ಪಕ್ಕದ ಕಾಲುವೆಯಲ್ಲಿ ಹೋಗಿಬಿಡುತ್ತದೆ, ಗುಳ್ಳೆ ಅಲ್ಲೇ ಕೂರುತ್ತದೆ. ಟ್ಯಾಂಕ್ ಎಲ್ಲಕ್ಕಿಂತ ಎತ್ತರದಲ್ಲಿರಲಿ, ಪಂಪ್ ಕೆಳಗಿರಲಿ, ಚಿಪ್‌ಗೆ ಒತ್ತಿ ಕೂರಿಸಿದ, ಒಳಗೆ ನೀರು ಹರಿಯುವ ಕೋಲ್ಡ್ ಪ್ಲೇಟಿಗೆ ನೀರು ಕೆಳಗಿನಿಂದ ಹೋಗಿ ಮೇಲಿನಿಂದ ಬರಲಿ. ತುಂಬುವಾಗ ಹೋಸ್‌ಗಳನ್ನು ಹಿಸುಕುತ್ತಾ, ಗಾಡಿಯನ್ನು ಆಚೀಚೆ ವಾಲಿಸುತ್ತಾ ನಿಧಾನವಾಗಿ ತುಂಬಿ.

ಕಟ್ಟಿಕೊಂಡ ಕಾಲುವೆ ಅದಕ್ಕಿಂತ ಕಷ್ಟದ್ದು. ಕೋರ್ ಮೇಲೆ ಅಡ್ಡಲಾಗಿ ಮಾಸ್ಕಿಂಗ್ ಟೇಪಿನ ಪಟ್ಟಿ ಅಂಟಿಸಿ, ಫ್ಯಾನ್ ಆಫ್ ಮಾಡಿ, ಬಿಸಿನೀರು ಬಿಡುತ್ತಿದ್ದ ಹಾಗೆ ಥರ್ಮಲ್ ಕ್ಯಾಮೆರಾದಲ್ಲಿ ನೋಡಿ. ತಡವಾಗಿ ಬಿಸಿಯಾಗುವ ಟ್ಯೂಬ್‌ಗಳೇ ಕಟ್ಟಿದವು. ಅಂಚಿನ ಕೆಲವು ಟ್ಯೂಬ್ ಮಾತ್ರ ತಡವಾಗುತ್ತಿದ್ದು, ಕೋರ್ ಹೊಚ್ಚ ಹೊಸದು ಅಂದರೆ ಅದು ಕಟ್ಟಿರುವುದಲ್ಲ, ಟ್ಯೂಬ್‌ಗಳಿಗೆ ನೀರು ಹಂಚುವ ತುದಿಯ ತೊಟ್ಟಿ, ಅಂದರೆ ಹೆಡರ್, ತೀರಾ ಸಣ್ಣದಾಗಿ ಹಂಚಿಕೆ ಸರಿಯಾಗಿಲ್ಲ. ತೂಕ ಉಳಿಸಲು ಹೆಡರ್ ಕಿರಿದು ಮಾಡಿದವರಿಗೆ ಈ ದೋಷ ಕಾದಿರುತ್ತದೆ, ಕೋರ್‌ನ ಒಂದು ಭಾಗ ಸುಮ್ನೆ ಹೊರೆಯಾಗಿ ಕೂತಿರುತ್ತದೆ.

ಕಟ್ಟಲು ಕಾರಣಗಳು ಬಹುತೇಕ ಮನುಷ್ಯರದ್ದೇ. ಸೋರಿಕೆ ನಿಲ್ಲಿಸಲು ಸುರಿದ ಪುಡಿ, ಗ್ಯಾಸ್ಕೆಟ್‌ಗೆ ಮೆತ್ತಿದ ಸಿಲಿಕೋನ್ ಚೂರು, ಹಳೆ ಹೋಸಿನ ರಬ್ಬರ್, ಬೇರೆ ಬೇರೆ ಜಾತಿಯ ಕೂಲಂಟ್ ಬೆರೆಸಿ ಆದ ಲೋಳೆ. ಸೋರಿಕೆ ಪುಡಿಯನ್ನಂತೂ ಸಣ್ಣ ಕಾಲುವೆಯ ಕೋರ್‌ಗೆ ಹಾಕಲೇಬೇಡಿ, ಅದಕ್ಕೆ ತೂತು ಯಾವುದು ಕಾಲುವೆ ಯಾವುದು ಅಂತ ತಿಳಿಯುವುದಿಲ್ಲ. ಮೆತ್ತಿಕೊಂಡ ಪದರ ತೆಳುವಾದರೂ ಪರಿಣಾಮ ದೊಡ್ಡದು: ಒಂದು ಸಣ್ಣ ಕಾಲುವೆಯ ವ್ಯಾಸ ಅರ್ಧಕ್ಕೆ ಇಳಿದರೆ, ನೀರು ಅಲ್ಲಿ ನಿಧಾನವಾಗಿ ಪದರ ಪದರವಾಗಿ ಹರಿಯುವುದರಿಂದ, ಅಷ್ಟೇ ನೀರು ನೂಕಲು 16 ಪಟ್ಟು ಒತ್ತಡ ಬೇಕು. ಕೋರ್ ಮುಂದೆ ಅರ್ಧ ಮಿಲಿಮೀಟರ್ ಜಾಲರಿ ಹಾಕಿ, ಆಗಾಗ ತೆಗೆದು ತೊಳೆಯಿರಿ.

ಬೋರ್‌ವೆಲ್ ನೀರು ಬೇಡ. ಬೆಂಗಳೂರು, ಕೋಲಾರದ ಕಡೆ ಪಾತ್ರೆ ತಳಕ್ಕೆ ಬಿಳಿ ಕಟ್ಟುತ್ತದಲ್ಲ, ಅದೇ ಟ್ಯೂಬಿನೊಳಗೂ ಕಟ್ಟುತ್ತದೆ, ಕ್ಲೋರೈಡ್ ಅಲ್ಯೂಮಿನಿಯಂಗೆ ಸೂಜಿಮೊನೆ ತೂತು ಕೊರೆಯುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ತುಕ್ಕು ತಡೆಯುವ ಕೂಲಂಟ್ ಮಾತ್ರ. ಒಂದೇ ಸರ್ಕ್ಯೂಟಿನಲ್ಲಿ ತಾಮ್ರದ ಕೋಲ್ಡ್ ಪ್ಲೇಟ್, ಅಲ್ಯೂಮಿನಿಯಂ ರೇಡಿಯೇಟರ್ ಇಟ್ಟರೆ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಕಂಪ್ಯೂಟರ್ ತಣಿಸುವವರು ಅಗ್ಗಕ್ಕೆ ಸಿಕ್ಕಿತು ಅಂತ ಈ ಜೋಡಿ ಮಾಡುವುದು ಜಾಸ್ತಿ. ಮಲ್ಟಿಮೀಟರ್‌ನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಲೋಹ ಮುಟ್ಟದ ಹಾಗೆ ಕೂಲಂಟ್‌ಗೆ ಅದ್ದಿ. 0.3 ವೋಲ್ಟ್ ದಾಟಿದರೆ ಕೂಲಂಟ್ ಬದಲಿಸಿ, ಅರ್ತ್ ವೈರ್‌ಗಳನ್ನೂ ಪರೀಕ್ಷಿಸಿ.

ಲೋಹದ ಪುಡಿಯಿಂದ ಮುದ್ರಿಸಿದ ತ್ರಿಡಿ ಪ್ರಿಂಟ್ ಎಕ್ಸ್‌ಚೇಂಜರ್ ಮಾಡುತ್ತಿದ್ದರೆ ಮೊದಲ ಅನುಮಾನ ಒಳಗೆ ಉಳಿದ ಪುಡಿಯ ಮೇಲೆ ಇರಲಿ. ಎಷ್ಟು ಅಲುಗಾಡಿಸಿದರೂ ತಿರುವುಗಳಲ್ಲಿ ಉಳಿಯುತ್ತದೆ. ಒಣಗಿಸಿ ತೂಕ ಮಾಡಿ, ವಿನ್ಯಾಸದ ತೂಕಕ್ಕೆ ಹೋಲಿಸಿ ನೋಡಿ.

ಫಿನ್ ಅಂಟಿಕೊಂಡಿದೆಯೇ?

ಹರಿವು ಎರಡೂ ಸರಿಯಿದ್ದು ಡಿಗ್ರಿಗೆ ಬರುವ ವ್ಯಾಟ್ ಮಾತ್ರ ಬಿದ್ದಿದೆ ಅಂದಾಗ ನೋಡಬೇಕಾದ್ದು ಇದು. ಅಲ್ಯೂಮಿನಿಯಂ ಕೋರ್‌ನಲ್ಲಿ ಫಿನ್ ಮತ್ತು ಟ್ಯೂಬನ್ನು ಬ್ರೇಜಿಂಗ್ ಮಾಡಿ, ಅಂದರೆ ಬೇಗ ಕರಗುವ ಲೋಹದಿಂದ ಬೆಸೆದು, ಕೂಡಿಸಿರುತ್ತಾರೆ. ಹಾಳೆಯ ಮೇಲ್ಪದರದಲ್ಲಿ ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ಇರುತ್ತದೆ, ಅದು 577 ಡಿಗ್ರಿಯಿಂದ ಕರಗಲು ಶುರುವಾಗುತ್ತದೆ, ಕುಲುಮೆಯನ್ನು 600ರ ಆಸುಪಾಸಿಗೆ ತಂದು ನೈಟ್ರೋಜನ್ ತುಂಬಿ ಬೇಯಿಸುತ್ತಾರೆ. ಒಳಗಿನ ಲೋಹ ಕರಗುವುದು ಅದಕ್ಕಿಂತ ಕೆಲವೇ ಹತ್ತು ಡಿಗ್ರಿ ಮೇಲೆ, ಹಾಗಾಗಿ ಕೈತಪ್ಪಲು ಜಾಗ ಕಡಿಮೆ. ಉಷ್ಣತೆ ಸಾಲದೆ ಹೋದರೆ, ಹಾಳೆಯಲ್ಲಿ ಎಣ್ಣೆ ಉಳಿದರೆ, ಬೆಸುಗೆ ಹಿಡಿಯಲು ಬಳಿಯುವ ಫ್ಲಕ್ಸ್ ತೆಳುವಾದರೆ, ಕಟ್ಟು ಸಡಿಲವಾಗಿ ಸಂದಿ ಬಿದ್ದರೆ ಫಿನ್ ಟ್ಯೂಬಿಗೆ ಬರೀ ತಾಗಿಕೊಂಡಿರುತ್ತದೆ. ಉಷ್ಣತೆ ಜಾಸ್ತಿಯಾದರೆ ಕರಗಿದ ಲೋಹ ಟ್ಯೂಬಿನ ಗೋಡೆಯನ್ನೇ ತಿಂದುಹಾಕುತ್ತದೆ.

ಸೂಜಿ ತುದಿಯಿಂದ ಫಿನ್ ತಿರುವನ್ನು ಮೆಲ್ಲಗೆ ತಳ್ಳಿ. ಕೂಡಿದ್ದರೆ ಫಿನ್ ಬಾಗುತ್ತದೆ, ಬುಡ ಕದಲುವುದಿಲ್ಲ. ಕೂಡಿಲ್ಲದಿದ್ದರೆ ಜಾರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಫಿನ್ ಟ್ಯೂಬಿಗೆ ತಾಗುವ ಮೂಲೆಯಲ್ಲಿ ನುಣ್ಣನೆ ತುಂಬಿದ ಬಾಗು ಕಾಣಬೇಕು. ನಾಲ್ಕಾರು ಕಡೆ ನೋಡಿ, ಮುಖ್ಯವಾಗಿ ನಡುವೆ, ಏಕೆಂದರೆ ಕುಲುಮೆಯಲ್ಲಿ ಕೊನೆಗೆ ಬಿಸಿಯಾಗುವುದು ನಡುವಿನ ಭಾಗ. ಒಂದು ಕೋರ್ ಬಲಿ ಕೊಟ್ಟು ಗರಗಸದಲ್ಲಿ ಕೊಯ್ದು ನಯ ಮಾಡಿ ನೋಡುವುದು ಎಲ್ಲಕ್ಕಿಂತ ಖಚಿತ. ಬ್ರೇಜಿಂಗ್ ಇಲ್ಲದೆ ಟ್ಯೂಬನ್ನು ಉಬ್ಬಿಸಿ ಫಿನ್ ಕೂರಿಸಿದ ಅಗ್ಗದ ಕೋರ್‌ಗಳಲ್ಲಿ ಕಂಪನಕ್ಕೆ ಈ ಹಿಡಿತ ಕಾಲಕ್ರಮೇಣ ಸಡಿಲಾಗುತ್ತದೆ, ಅದಕ್ಕೆ ರಿಪೇರಿ ಇಲ್ಲ, ಬದಲಿಸಬೇಕು.

ಸೋರಿಕೆ ಬಗ್ಗೆ ಚಿಕ್ಕದಾಗಿ: ಬಾಯಿಗಳನ್ನು ಮುಚ್ಚಿ, ನೀರಿನಲ್ಲಿ ಪೂರ್ತಿ ಮುಳುಗಿಸಿ, ಮುಚ್ಚಳದ ಒತ್ತಡಕ್ಕಿಂತ ತುಸು ಹೆಚ್ಚು ಗಾಳಿ ತುಂಬಿ ಗುಳ್ಳೆ ನೋಡಿ. ಟ್ಯೂಬ್ ಹೆಡರ್‌ಗೆ ಸೇರುವಲ್ಲಿ, ಅದರಲ್ಲೂ ಮೂಲೆಯ ಟ್ಯೂಬಿನಲ್ಲಿ ಬಿರುಕಿದ್ದರೆ ಕಾರಣ ಮತ್ತೆ ಮತ್ತೆ ಬಿಸಿ-ತಣ್ಣಗಾಗುವ ಹಿಗ್ಗು-ಕುಗ್ಗು, ಇಲ್ಲವೇ ಕೋರ್ ಅನ್ನು ರಬ್ಬರ್ ಬುಷ್ ಇಲ್ಲದೆ ಚಾಸಿಗೆ ಬಿಗಿದಿರುವುದು. ಕೋರ್ ಎಂದೂ ಗಾಡಿಯ ತಿರುಚನ್ನು ಹೊರಬಾರದು.

ಕೂಲಂಟ್ ತಣ್ಣಗಿದ್ದೂ ಚಿಪ್ ಬಿಸಿ

ಚಿಪ್ ಕೂತಿರುವ ತಳದ ಉಷ್ಣತೆಯಿಂದ ಕೂಲಂಟ್ ಉಷ್ಣತೆ ಕಳೆಯಿರಿ. ಅದನ್ನು ಚಿಪ್ ಬಿಡುವ ವ್ಯಾಟ್‌ನಿಂದ ಭಾಗಿಸಿದರೆ ಒಂದು ವ್ಯಾಟ್‌ಗೆ ಎಷ್ಟು ಡಿಗ್ರಿ ಅಡ್ಡಿ ಅಂತ ಸಿಗುತ್ತದೆ. 10 ಚದರ ಸೆಂಟಿಮೀಟರ್ ತಳ, 200 ವ್ಯಾಟ್, ಶಾಖ ಸಾಗಿಸುವ ದರ್ಜೆ 4 (ಮೀಟರ್-ಡಿಗ್ರಿಗೆ 4 ವ್ಯಾಟ್) ಇರುವ ಪೇಸ್ಟ್ 0.1 ಮಿಲಿಮೀಟರ್ ದಪ್ಪ ಇದ್ದರೆ ಪೇಸ್ಟ್ ಒಂದರಲ್ಲೇ 5 ಡಿಗ್ರಿ ಹೋಗುತ್ತದೆ. ಅದೇ ಅರ್ಧ ಮಿಲಿಮೀಟರ್ ಬಳಿದರೆ 25 ಡಿಗ್ರಿ. ಇದನ್ನು ರೇಡಿಯೇಟರ್ ದೊಡ್ಡದು ಮಾಡಿ ಸರಿಪಡಿಸಲು ಹೊರಟರೆ ಎಷ್ಟು ತೂಕ ಹೊರಬೇಕು ಯೋಚಿಸಿ!

ಬಿಚ್ಚಿ ಪೇಸ್ಟಿನ ಅಚ್ಚು ನೋಡಿ. ಎಲ್ಲ ಕಡೆ ಸಮನಾಗಿ ತೆಳುವಾಗಿ ಒತ್ತಿರಬೇಕು. ಒಂದು ಮೂಲೆಯಲ್ಲಿ ದಪ್ಪ, ಇನ್ನೊಂದರಲ್ಲಿ ಲೋಹ ಕಾಣುತ್ತಿದೆ ಅಂದರೆ ಸ್ಕ್ರೂಗಳನ್ನು ಒಂದು ಕಡೆಯಿಂದ ಬಿಗಿಯುತ್ತಾ ಬಂದಿದ್ದಾರೆ. ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ನಡುವೆ ದಪ್ಪ ಉಳಿದಿದ್ದರೆ ಕೋಲ್ಡ್ ಪ್ಲೇಟ್ ತಳ ಸಮವಾಗಿಲ್ಲ, ಸ್ಟೀಲ್ ಸ್ಕೇಲ್ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಮೊದಲು ಚೆನ್ನಾಗಿದ್ದು ತಿಂಗಳುಗಳ ಮೇಲೆ ಕೆಟ್ಟಿದ್ದರೆ ಬಿಸಿ-ತಣ್ಣಗಿನ ಓಡಾಟಕ್ಕೆ ಪೇಸ್ಟ್ ಅಂಚಿಗೆ ಹಿಂಡಿಹೋಗಿರುತ್ತದೆ.

ಲ್ಯಾಪ್‌ಟಾಪ್‌ನಲ್ಲಾದರೆ ಪೇಸ್ಟ್ ಮುಟ್ಟುವ ಮೊದಲು ಫ್ಯಾನ್ ಮತ್ತು ಫಿನ್ ನಡುವೆ ನೋಡಿ. ಅಲ್ಲಿ ಕಂಬಳಿಯಂತಹ ಧೂಳಿನ ಪದರ ಕೂತಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಹೀಟ್ ಪೈಪ್ ಚಪ್ಪಟೆಯಾಗಿದೆಯೇ, ಬಗ್ಗಿದೆಯೇ ಅಂತಲೂ ನೋಡಿ. ಅದರೊಳಗಿನ ಒಂದಿಷ್ಟು ದ್ರವ ಆವಿಯಾಗಿ ಹೋಗಿ, ಹತ್ತಿಯ ಬತ್ತಿಯಂತೆ ಹೀರುವ ಪದರದಲ್ಲಿ ವಾಪಸ್ ಬರಬೇಕು. ಪೈಪನ್ನು ಬಿಸಿ ತುದಿ ಮೇಲೆ ಬರುವ ಹಾಗೆ ನಿಲ್ಲಿಸಿದರೆ ಕೆಲವು ಹೀಟ್ ಪೈಪ್‌ಗಳು ಒಣಗಿ ಕೆಲಸ ನಿಲ್ಲಿಸುತ್ತವೆ. ಹೊಸ ವಿನ್ಯಾಸವನ್ನು ಮೇಜಿನ ಮೇಲೆ ಒಂದೇ ಭಂಗಿಯಲ್ಲಿ ಪರೀಕ್ಷಿಸಿ ಬಿಡಬೇಡಿ, ತಲೆಕೆಳಗು ಮಾಡಿಯೂ ಅಳೆಯಿರಿ.

ಎಲ್ಲ ನೋಡಿಯೂ ಕೋರ್ ನಿಜವಾಗಿ ಸಾಲದಿದ್ದರೆ

ಆಗಲೂ ದಪ್ಪ ಮಾಡುವುದು ಕೊನೆಯ ಆಯ್ಕೆ. ಹಿಂದಿನ ಸಾಲಿನ ಟ್ಯೂಬ್‌ಗಳಿಗೆ ಸಿಗುವುದು ಮುಂದಿನ ಸಾಲು ಬಿಸಿ ಮಾಡಿಬಿಟ್ಟ ಗಾಳಿ. ಮೇಲಿನ ಲೆಕ್ಕದ ಕೋರನ್ನು ಎರಡು ಪಟ್ಟು ದಪ್ಪ ಮಾಡಿದರೆ, ಗಾಳಿ ಅಷ್ಟೇ ಇದ್ದರೂ ಒಂದೂವರೆ ಪಟ್ಟಿಗಿಂತ ಕಡಿಮೆ ಸಿಗುತ್ತದೆ, ನಿಜದಲ್ಲಿ ಅಡ್ಡಿ ಜಾಸ್ತಿಯಾಗಿ ಗಾಳಿಯೂ ಇಳಿಯುತ್ತದೆ. ಜಾಗ ಇದ್ದರೆ ಮುಖದ ಅಗಲ ಹೆಚ್ಚಿಸಿ, ತೆಳುವಾಗಿಯೇ ಇಡಿ.

ಕೋರ್ ಮಾಡಿಕೊಡುವವರ ಹತ್ತಿರ ಹೋದಾಗ "ಇನ್ನೂ ದೊಡ್ಡದು ಕೊಡಿ" ಅನ್ನಬೇಡಿ. ಎಷ್ಟು ವ್ಯಾಟ್, ಕೂಲಂಟ್ ಗರಿಷ್ಠ ಎಷ್ಟು ಡಿಗ್ರಿ, ಗಾಳಿ ಎಷ್ಟು ಡಿಗ್ರಿ, ನಿಮಿಷಕ್ಕೆ ಎಷ್ಟು ಲೀಟರ್, ಕೋರ್ ಮುಖದಲ್ಲಿ ಅಳೆದ ಗಾಳಿಯ ವೇಗ ಎಷ್ಟು, ಯಾವ ಊರಿನ ಎತ್ತರ, ಎಂಥ ಧೂಳು, ಈಗಿನ ಕೋರ್ ಡಿಗ್ರಿಗೆ ಎಷ್ಟು ವ್ಯಾಟ್ ಕೊಡುತ್ತಿದೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ಹೊಸ ಕೋರ್ ಬಂದ ದಿನವೇ, ಗಾಡಿಗೆ ಕೂರಿಸುವ ಮುಂಚೆ, ಅದೇ ರಾಡ್ ಅದೇ ಪಾತ್ರೆಯಲ್ಲಿ ಅಳೆದು ಅಂಕಿಯನ್ನು ಮಾರ್ಕರ್‌ನಲ್ಲಿ ಹೆಡರ್ ಮೇಲೆಯೇ ಬರೆದಿಡಿ.